ಕನ್ನಡಿ ತಿರುಗಿಸಿದವರು

ಕನ್ನಡಿಯಲ್ಲಿ ಮತ್ತೆ ಹಿಂದಿನ ಸೀಟು, ರಸ್ತೆ ಇಲ್ಲ, ಸೀಟಿನ ಮೇಲೆ ಹಾಸಿದ ಹಸಿರು ಟವಲು ಮಾತ್ರ — ಮೊನ್ನೆ ನೆಟ್ಟಗೆ ಮಾಡಿಯೇ ಇಳಿದದ್ದು ಅಂಜಿನಯ್ಯನಿಗೆ ಚೆನ್ನಾಗಿ ನೆನಪಿದೆ, ಮಂಡಿಯೂ ಸ್ಟೇರಿಂಗಿಗೆ ತಾಗುತ್ತಿದೆ, ಸೀಟನ್ನು ಯಾರೋ ಮುಂದಕ್ಕೆ ಎಳೆದಿದ್ದಾರೆ, ಯಾರೋ ಅಂದರೆ ಯಾರು, ಕೀ ತೂಗುವುದು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ, ಹೊರಗಿನವರ ಕೈ ಅಲ್ಲಿಗೆ ಹೋಗದು, ಪೆಟ್ರೋಲಿನ ಮುಳ್ಳು ಮಾತ್ರ ದಿನದಿನಕ್ಕೆ ಮಲಗುತ್ತಿದೆ, ಲೀಟರಿಗೆ ಹದಿನಾರು ಕೊಡುತ್ತಿದ್ದ ಪುಟ್ಟ ಗಾಡಿ ಈಗ ಎಂಟೂ ಕೊಡದು, ಹಳೇ ಗಾಡಿ, ನಿಜ, ಆದರೆ ಹಳೇ ಎತ್ತು ಒಂದೇ ತಿಂಗಳಲ್ಲಿ ಎರಡು ಪಟ್ಟು ಮೇಯುತ್ತದೆಯೇ. ಮಾಡಿದ್ದೇನು ಕಮ್ಮಿಯೇ, ಟೈರಿಗೆ ಗಾಳಿ ಹಿಡಿಸಿದ, ಏರ್ ಫಿಲ್ಟರು ಬದಲಿಸಿದ, ಮೇಲಿನ ಕ್ಯಾರಿಯರ್ ಬಿಚ್ಚಿಸಿದ, ಡಿಕ್ಕಿಯಲ್ಲಿದ್ದ ತೆಂಗಿನಕಾಯಿ ಮೂಟೆ ಇಳಿಸಿದ, ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿದ, ಏನಜ್ಜ ನಿದ್ದೆನಾ ಎಂದು ಹಿಂದಿನವರು ಬೈದರೂ ಆರಿಸಿದ — ಮುಳ್ಳು ಏಳಲಿಲ್ಲ. ಮಾರೇನಹಳ್ಳಿಯ ಮೆಕ್ಯಾನಿಕ್ ಶಶಿಕುಮಾರ್ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ, ಗಾಡೀಲೇನಿಲ್ಲ ಅಣ್ಣ, ನೀವು ಕ್ಲಚ್ ಮೇಲಿಂದ ಕಾಲೇ ತೆಗೀತಿಲ್ಲ, ಫಸ್ಟ್ ಗೇರಲ್ಲೇ ಎಳೀತೀರ, ಕಲಿಯೋರ ಥರ. ಕಲಿಯೋರ ಥರ! ಹೇರೋಹಳ್ಳಿಯಲ್ಲಿ ಸೈಟುಗಳ ಜಾಗದಲ್ಲಿ ರಾಗಿ ಹೊಲವಿದ್ದಾಗಲೇ ಕಲ್ಲು ತುಂಬಿದ ಲಾರಿ ಓಡಿಸಿದ ಕಾಲಿದು, ಅಂದರೆ ಇದು ಬೇರೆ ಯಾರದೋ ಕಾಲು. ಮಗ ಮಧುವಿನದೇ? ಅಪ್ಪಾ ಈ ಡಬ್ಬಾ ಮಾರ್ಬಿಡೋಣ ಎಂದು ಅವನದು ದಿನಾ ಅದೇ ರಾಗ, ಕದ್ದು ಸುತ್ತಾಡಿ ಗಾಡಿಯ ಮೇಲೆ ತಪ್ಪು ಹೊರಿಸುವ ಹೂಟವೇ, ಆದರೆ ಅವನು ಉದ್ದ ಕಾಲಿನವನು, ಸೀಟು ಹಿಂದಕ್ಕೆ ಹೋಗಬೇಕಿತ್ತು. ಸೊಸೆ ಸ್ಪಂದನ? ಅವಳೂ ಅವನಷ್ಟೇ ಎತ್ತರ, ಆದರೂ ಮಧ್ಯಾಹ್ನ ತಾನು ಅರಳಿಕಟ್ಟೆಯಿಂದ ಬಂದು ಮುಟ್ಟಿದರೆ ಬಾನೆಟ್ ಬಿಸಿ, ಎಲ್ಲಿಗವ್ವ ಹೋಗಿದ್ದೆ, ಎಲ್ಲೂ ಇಲ್ಲ ಮಾವ, ಬಿಸಿಲಲ್ವಾ, ಹೇಳಿ ಒಳಗೆ ಹೋಗಿ ನಗುತ್ತಾಳೆ, ಅಲ್ಲೇ ಕೂತ ಹೆಂಡತಿ ಬೋರಮ್ಮ ತಲೆಯೆತ್ತದೆ ಸೊಪ್ಪು ಬಿಡಿಸುತ್ತಾಳೆ — ಸುಮನಹಳ್ಳಿ ಹತ್ತಿರ ತಾನು ಹಂಪ್ ಎಗರಿಸಿದ ದಿನದಿಂದ ಅವಳು ಹೀಗೇ, ಅವತ್ತು ಕೇಳಿದ್ದಳು, ಕಾಣ್ಲಿಲ್ವಾ ನಿಮ್ಗೆ, ಮರದ ನೆರಳು ಕಣೇ, ಯಾವ ನೆರಳು, ಆ ಬಲಗಣ್ಣು ತೋರಿಸ್ಕಳಿ ಅಂತ ಹೇಳ್ತಾನೇ ಇವ್ನಿ, ನೋಡಣ ಬಿಡು. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ, ಒಂದು ಮಾತನ್ನು ನೂರು ಸಲ ಎತ್ತುವವಳು.

ಬೋರಮ್ಮ ಬಂದಳು, ಕೆಂಗೇರಿಯ ಅಕ್ಕನ ಮನೆಗೆಂದು ಉಟ್ಟ ಹೊಸ ಸೀರೆ, ಕೈಯಲ್ಲಿ ಚೀಲ, ಏನೋ ಗುನುಗುತ್ತಾ ಗೇಟು ದಾಟಿದವಳು ಗಾಡಿಯ ಎಡಕ್ಕೆ ಹೋಗಲಿಲ್ಲ, ಬಲಕ್ಕೆ ಬಂದಳು, ಅವನ ಬಾಗಿಲ ಹಿಡಿಗೇ ಕೈಯಿಟ್ಟಳು, ಗಾಜಿನೊಳಗೆ ಅವನ ಮುಖ ಕಂಡು ಬಿಸಿ ಪಾತ್ರೆ ಮುಟ್ಟಿದಂತೆ ಕೈ ಎಳೆದುಕೊಂಡಳು, ಸುತ್ತಿ ಬಂದು ಎಡಗಡೆ ಕೂತಳು, ಕೂತವಳ ಕಣ್ಣು ಮೊದಲು ಹೋದದ್ದು ಕನ್ನಡಿಗೆ. ಕುಳ್ಳಿ, ಅವಳ ತಲೆ ಅವನ ಭುಜಕ್ಕೂ ಬರದು. ಯಾರು ಕಲಿಸ್ತಿರೋದು, ಸ್ಪಂದನಾನಾ, ಅಂದ. ಅವಳು ಚೀಲ ಎದೆಗೆ ಅಪ್ಪಿಕೊಂಡಳು, ನೀವು ಕಣ್ಣೂ ತೋರಿಸ್ಕಳಲ್ಲ, ಗಾಡೀನೂ ಬಿಡಲ್ಲ, ಇಬ್ರಲ್ಲಿ ಒಬ್ರಿಗಾದ್ರೂ ದಾರಿ ಕಾಣ್ಬೇಡ್ವಾ, ನಡೀರಿ, ಅಕ್ಕ ಕಾಯ್ತಾವ್ಳೆ. ಕೀ ತಿರುಗಿಸಬೇಕು, ಅದಕ್ಕೆ ಮೊದಲು ಕನ್ನಡಿ ನೆಟ್ಟಗಾಗಬೇಕು, ಕೈ ಎತ್ತಿದ, ನೆಟ್ಟಗಾದರೆ ರಸ್ತೆ ಕಾಣುತ್ತದೆ, ಕಾಣುತ್ತದೆಯೇ, ಎಡಗಣ್ಣು ಮುಚ್ಚಿ ಬಲಗಣ್ಣೊಂದರಲ್ಲೇ ನೋಡಿದ, ಕನ್ನಡಿಯಲ್ಲಿ ಹಿಂದಿನ ಸೀಟು, ಸೀಟಿನ ಮೇಲೆ ಏನೋ ಮಸುಕು ಹಸಿರು.