ಕರಿಬೇವಿಗೆ ಗೂಬೆಯ ಕಾವಲು

ಹಕ್ಕಿಯ ಹಿಕ್ಕೆಯೇ ಇರಬಹುದೇ? ಇದ್ದರೆ ಎಲ್ಲವೂ ಹೀಗೆ ಕರಿಬೇವಿನ ಎಲೆಯ ನಡುನರದ ಮೇಲೇ, ಒಂದೇ ದಿಕ್ಕಿಗೆ ಏಕೆ ಬೀಳುತ್ತವೆ? ಕೌಸ್ತುಭನಿಗೆ ಅನುಮಾನ ಹೋಗಲಿಲ್ಲ. ಒಂದನ್ನು ಕಡ್ಡಿಯಿಂದ ತಿವಿದ. ಹಿಕ್ಕೆ ತಲೆಯೆತ್ತಿ, ಎರಡು ಕೆಂಪು ಕೊಂಬುಗಳನ್ನು ಚಾಚಿ, ಗಬ್ಬು ನಾರಿತು.

ಚಿಟ್ಟೆಯ ಮರಿಹುಳು. ನಿಂಬೆ, ಕಿತ್ತಳೆ, ಕರಿಬೇವಿನ ಎಳೆಸಸಿಗಳನ್ನು ಬೋಳಿಸುವ ಜಾತಿ. ಹಕ್ಕಿಗಳು ತಿನ್ನದಿರಲೆಂದು ಅದಕ್ಕೆ ಹಿಕ್ಕೆಯ ವೇಷ. ಅಮೆರಿಕದ ಆಸ್ಟಿನ್‌ನಲ್ಲಿ ಅವನು ಸಂಶೋಧನೆ ಮಾಡುತ್ತಿದ್ದುದು ಇಂಥ ಹುಳುಗಳ ಮೇಲೆಯೇ. ಆ ಬೇಸಿಗೆ ಹ್ಯೂಸ್ಟನ್ ಹತ್ತಿರದ ಹೊಲಗಳಲ್ಲಿ ಕೆಲಸವಿದ್ದುದರಿಂದ ಭಾನುವಾರದ ಊಟಕ್ಕೆ ಕ್ಲಿಯರ್ ಲೇಕ್‌ನ ಈ ಮನೆಗೆ ಬರುತ್ತಿದ್ದ.

"ಏ ಹುಳದ ಡಾಕ್ಟರ್, ಅಲ್ಲೇನ್ ಹುಡುಕಾಕತ್ತಿ? ರೊಟ್ಟಿ ಆರತಾವ, ಬಾ!" ಎಂದು ಮನೆಯ ಯಜಮಾನ ಚನ್ನವೀರಪ್ಪ ಕೂಗಿದರು.

ಚನ್ನವೀರಪ್ಪ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ಭೂಮಿ ಬಿಟ್ಟು ಹೋದದ್ದು ಎಲ್ಲಿ ಮರಳಿ ಬೀಳುತ್ತದೆಂದು ಲೆಕ್ಕ ಹಾಕುವವರು. ಇದನ್ನು ಅವರು ಪ್ರತಿ ಊಟದಲ್ಲೂ ಹೇಳುತ್ತಿದ್ದರು.

"ಎರಡು ಸಾವಿರ ಇಸ್ವಿ ಬಂದ್ರ ಕಂಪ್ಯೂಟರ್ ಕೆಡತಾವ, ವೈಟೂಕೆ ಅಂತ ಎಲ್ಲಾರೂ ಅದನ್ನ ರಿಪೇರಿ ಮಾಡಾಕ ಬಿದ್ದಾರ, ನೀ ಹುಳದ ಹಿಂದ. ಹುಳಾ ನೋಡಾಕ ಅಮೆರಿಕಾ ಯಾಕ ಬೇಕಿತ್ತೋ? ಗದಗದಾಗ ಬದನಿಕಾಯಿ ಕೊಯ್ದಿದ್ರ ಸಿಗತಿದ್ದು!"

"ಹುಡುಗ ಉಣ್ಣಲಿ, ಬಿಡ್ರಿ" ಎಂದರು ಹೆಂಡತಿ ಸುಮಿತ್ರವ್ವ. ಆ ಕರಿಬೇವಿನ ಸಸಿ ಅವರದು. ಗೆಳತಿ ಕೊಟ್ಟಿದ್ದನ್ನು ದೂರದ ಕ್ಯಾರಲ್ಟನ್ ಊರಿನಿಂದ ಕಾರಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. "ನೋಡಪಾ ಕೌಸ್ತುಭ, ಹಕ್ಕಿ ಹೆಂಗ ಹೊಲಸ ಮಾಡ್ಯಾವ. ಎಲಿನೂ ಕುಕ್ಕತಾವ."

"ಆಂಟಿ, ಅದು…"

"ಅವಂಗೇನ್ ಕೇಳತಿ? ನಾ ಸರಿ ಮಾಡ್ತೀನಿ" ಎಂದರು ಚನ್ನವೀರಪ್ಪ.

ಮಾಡಲಿ, ಎಂದುಕೊಂಡ ಕೌಸ್ತುಭ. ರಾಕೆಟ್ಟಿನ ಲೆಕ್ಕ ಬರುವ ತಲೆಗೆ ಹುಳುವಿಗೂ ಹಿಕ್ಕೆಗೂ ವ್ಯತ್ಯಾಸ ತಿಳಿಯುವುದಿಲ್ಲ. ತೊವ್ವೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ.

ಮುಂದಿನ ವಾರ ಸಸಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಗೂಬೆಯೊಂದು ಕಣ್ಣರಳಿಸಿ ಕುಳಿತಿತ್ತು.

"ಮನಿಯಾಗ ಗೂಬಿ ತಂದು ಇಡ್ತಾರೇನ್ರಿ?" ಎಂದು ಸುಮಿತ್ರವ್ವ ಗೊಣಗಿದರು.

ಗೂಬೆಯನ್ನು ಕಂಡ ಹಕ್ಕಿಗಳು ಅತ್ತ ಸುಳಿಯಲಿಲ್ಲ. ಹುಳುಗಳು ನಿಶ್ಚಿಂತೆಯಾಗಿ ದಪ್ಪಗಾದವು. ಅದರ ಮುಂದಿನ ವಾರ ಸಸಿಗೆ ಬಲೆಯೂ ಬಂತು. ಹುಳುಗಳಿಗೆ ಕೋಟೆ ಕಟ್ಟಿಸಿಕೊಟ್ಟ ಎಂಜಿನಿಯರನ್ನು ನೋಡಿ ಕೌಸ್ತುಭ, "ಚೆನ್ನಾಗಿ ಬಿಗಿದಿದ್ದೀರಿ ಅಂಕಲ್" ಎಂದ. ಆ ಸುಖಕ್ಕಾಗಿಯೇ ಭಾನುವಾರಗಳನ್ನು ಕಾಯತೊಡಗಿದ್ದ.

ಕೊನೆಗೆ ಉಳಿದದ್ದು ಬರಿಯ ಕಡ್ಡಿ. ಹುಳುಗಳು ಕೋಶ ಕಟ್ಟಲು ಸರಿದುಹೋಗಿದ್ದವು.

ಆ ಭಾನುವಾರ ಕೌಸ್ತುಭ ಒಳಗೆ ಬಂದಾಗ ಹೈಸ್ಕೂಲಿನಲ್ಲಿ ಓದುವ ಮನೆಯ ಮಗಳು ನಿಧಿ ಮೆಟ್ಟಿಲ ಬಳಿ ಅಳುತ್ತ ನಿಂತಿದ್ದಳು.

"ಬಲೀ ಹಾಕೀನಿ, ಹಕ್ಕಿ ಬಂದಿಲ್ಲ. ಮತ್ತ ಹೆಂಗ ಹೋತು?" ಎನ್ನುತ್ತಿದ್ದರು ಚನ್ನವೀರಪ್ಪ. "ಆ ದಿನದಾಗ ಗಿಡದ ಹತ್ರ ಹೋಗಬ್ಯಾಡ ಅಂತ ನಿಮ್ಮವ್ವ ಹೇಳಿದ್ಲೋ ಇಲ್ಲೋ?"

ಮುಟ್ಟಾದವರು ಸೋಕಿದರೆ ಕರಿಬೇವು ಸಾಯುತ್ತದೆಂದು ಆ ಮನೆಯಲ್ಲಿ ಎಲ್ಲರೂ ನಂಬಿದ್ದರು. ಸುಮಿತ್ರವ್ವ "ಹುಡುಗನ ಮುಂದ ಬ್ಯಾಡ್ರಿ" ಎಂದು ಪಿಸುಗುಟ್ಟಿದರೇ ಹೊರತು ಸುಳ್ಳೆನ್ನಲಿಲ್ಲ. ಮಗಳ ಮುಖ ನೋಡಲೂ ಇಲ್ಲ.

"ಐ ಜಸ್ಟ್ ವಾಟರ್ಡ್ ಇಟ್!" ನಿಧಿ ಕೌಸ್ತುಭನತ್ತ ತಿರುಗಿದಳು. "ಯೂ ಸ್ಟಡಿ ದಿಸ್ ಸ್ಟಫ್. ಟೆಲ್ ದೆಮ್!"

"ಹೇಳಪಾ ಡಾಕ್ಟರ್" ಎಂದರು ಚನ್ನವೀರಪ್ಪ. ದನಿಯಲ್ಲಿ ಗೇಲಿಯಿರಲಿಲ್ಲ.

ಈಗ ಹೇಳಿದರೆ, ಇಷ್ಟು ವಾರ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು.

"ನಂಗೊತ್ತಿಲ್ಲ ಅಂಕಲ್. ನನ್ನ ಸಬ್ಜೆಕ್ಟ್ ಬೇರೆ."

ನಿಧಿ ಅವನನ್ನು ಒಂದು ಕ್ಷಣ ನೋಡಿ ಮೆಟ್ಟಿಲು ಹತ್ತಿ ಹೋದಳು. ಸುಮಿತ್ರವ್ವ ತಟ್ಟೆ ಹಾಕಿದರು. ಕೌಸ್ತುಭ ಕುಳಿತು ಉಂಡ.

ಗಿಡವನ್ನು ತಿಂದದ್ದು ಹುಳು, ನಿಧಿಯದೇನೂ ತಪ್ಪಿಲ್ಲ ಎಂದು ಅವನು ಆ ಮನೆಯಲ್ಲಿ ಯಾರಿಗೂ, ಎಂದಿಗೂ ಹೇಳಲಿಲ್ಲ.