ಶಿವಲಕ್ಷ್ಮಿಯ ಎಡೆ

ಮಹಾಲಯ ಅಮಾವಾಸ್ಯೆಯ ದಿನ ಸತ್ತವರು ಮನೆಗೆ ಊಟಕ್ಕೆ ಬರುತ್ತಾರೆ. ಬೇಯಿಸಿ ಬಡಿಸುವ ಸೊಸೆಗೆ ಮಾತ್ರ ಅಂದು ಕೂರಲು ಪುರುಸೊತ್ತಿರುವುದಿಲ್ಲ. ಹರದನಹಳ್ಳಿಯ ಚಿಕ್ಕಮಾದಮ್ಮ ಕೋಳಿ ಕೂಗುವ ಮುಂಚೆ ಎದ್ದವಳು, ಮನೆ ಸಾರಿಸಿ, ಮಸಾಲೆ ಅರೆದು, ಬಾಡಿನ ಸಾರು ಇಳಿಸುವ ಹೊತ್ತಿಗೆ ಬಿಸಿಲು ವಾಲುತ್ತಿತ್ತು. ಸೊಂಟ ಹಿಡಿದುಕೊಂಡಿತ್ತು. "ಮಾದಪ್ಪಾ, ಇವತ್ತೊಂದು ದಿನ ಕಾಲ್ ಮೇಲೆ ನಿಲ್ಸಪ್ಪ" ಎಂದು ಗೋಡೆಗೆ ಒರಗಿದಳು.

ಆಗ ಭಾನು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಹೆಗಲ ಮೇಲೆ ಬ್ಯಾಗಿತ್ತು.

"ದೊಡ್ಡವ್ವ, ನಾನು ಗುಂಡ್ಲುಪೇಟೆಗೆ ಓಯ್ತೀನಿ."

ಭಾನುವಿಗೆ ಹದಿನೈದು. ಅವಳ ಅವ್ವ ಶಿವಲಕ್ಷ್ಮಿ ಗುಂಡ್ಲುಪೇಟೆಯ ಮಂಡಿಯಲ್ಲಿ ಚಿಕ್ಕಮಾದಮ್ಮನ ಪಕ್ಕ ಕೂತು ಈರುಳ್ಳಿ ಆರಿಸುತ್ತಿದ್ದವಳು. ಮಂಡಿಯ ಹಿಂದಿನ ತಗಡಿನ ಶೆಡ್ಡೇ ತಾಯಿ ಮಗಳ ಮನೆ. ಬೇಸಿಗೆ ಕೊನೆಗೆ ಜ್ವರ ಬಂದು ಶಿವಲಕ್ಷ್ಮಿ ತೀರಿಕೊಂಡಳು. ತಿಥಿ ಆಗುವ ಮೊದಲೇ ಶೆಡ್ಡಿನವನು ಬೇರೆಯವರನ್ನು ತಂದು ತುಂಬಿದ. ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುವುದನ್ನು ಕಂಡು ಚಿಕ್ಕಮಾದಮ್ಮ ಕೈ ಹಿಡಿದು ಊರಿನ ಬಸ್ಸು ಹತ್ತಿಸಿದ್ದಳು. ಸ್ವಂತ ಮಗಳನ್ನು ನಂಜನಗೂಡಿಗೆ ಕೊಟ್ಟಾಗಿತ್ತು, ಕೋಣೆ ಖಾಲಿಯಿತ್ತು. ಗಂಡ ನಿಂಗರಾಜು ಚಾಮರಾಜನಗರದ ಕಚೇರಿಯೊಂದರಲ್ಲಿ ಜವಾನ. ಅವನೇ ಮಕ್ಕಳ ಇಲಾಖೆಯ ಸಾಹೇಬರ ಮುಂದೆ ಕೈಕಟ್ಟಿ ನಿಂತು, ಹುಡುಗಿ ತಮ್ಮಲ್ಲೇ ಇರಲು ಒಪ್ಪಿಗೆ ತಂದಿದ್ದ.

"ಇವತ್ತು ಅಬ್ಬ ಕಣಮ್ಮಿ. ನಾಳೆ ಓಗೀಯಂತೆ."

"ಅಬ್ಬ ಅಂತ್ಲೇ ಓಯ್ತಿರದು. ಇಲ್ಲಿ ನಮ್ಮವ್ವಂಗೆ ಎಡೆ ಇಲ್ಲ. ಶೆಡ್ ಮುಂದೆ ಒಂದು ಟೀ, ಒಂದು ಬನ್ನಾದ್ರೂ ಮಡಗ್ತೀನಿ. ಕೇರಳಕ್ಕೆ ಶುಂಠಿ ಕೆಲಸಕ್ಕೆ ಓಗೋ ಎಂಗುಸ್ರು ನಾಳೆ ಲಾರಿ ಅತ್ತಾರಂತೆ. ನಂಗೂ ಬಾ ಅಂದವ್ರೆ."

ಲಾರಿ ಹತ್ತಿದರೆ ಈ ಹುಡುಗಿ ತಿರುಗಿ ಬರುವುದಿಲ್ಲವೆಂದು ಚಿಕ್ಕಮಾದಮ್ಮನಿಗೆ ಗೊತ್ತು. ಹಾಗೆ ಹೋದ ಎಷ್ಟೋ ಹೆಣ್ಣುಮಕ್ಕಳ ಹೆಸರು ಮಂಡಿಯಲ್ಲಿ ಈಗ ಯಾರ ಬಾಯಲ್ಲೂ ಇಲ್ಲ. ಆದರೂ ದಣಿದ ನಾಲಿಗೆ ಬೇರೆಯದನ್ನೇ ಆಡಿತು.

"ನಮ್ಮವ್ವಂಗೂ ಇಲ್ಲಿ ಎಡೆ ಇಲ್ಲ ಕಣ್ ಮಗ. ಎಣ್ಣು ಜನ್ಮವೇ ಅಷ್ಟು. ಸೇರ್ದ ಮನೆಯವರಿಗೆ ಬೇಯ್ಸಾಕದು."

"ನಿಮ್ಮವ್ವಂಗೆ ನಿಮ್ಮಣ್ಣದೀರು ಮಡಗ್ತಾರೆ. ನಮ್ಮವ್ವಂಗೆ ನಾನೊಬ್ಳೇ ಇರದು."

ಹುಡುಗಿಗೆ ಉಣ್ಣಲು ಕೊಟ್ಟೆ, ಹೊದೆಯಲು ಕೊಟ್ಟೆ. ಅವಳ ತಾಯಿಯನ್ನು ಮಾತ್ರ ಗುಂಡ್ಲುಪೇಟೆಯಲ್ಲೇ ಬಿಟ್ಟು ಬಂದೆನಲ್ಲ ಎಂದು ಚಿಕ್ಕಮಾದಮ್ಮನಿಗೆ ಅನ್ನಿಸಿತು.

"ಬ್ಯಾಗು ಇಳುಕು. ವಸಿ ತಡಿ" ಎಂದು, ಇನ್ನೊಂದು ಬಾಳೆಲೆ ತೊಳೆದುಕೊಂಡು, ಸೌಟು ಹಿಡಿದು ಒಳಗೆ ಹೋದಳು.

ನಡುಮನೆಯಲ್ಲಿ ಕಳಸದ ಮುಂದೆ ಬಾವ ಮಾದಣ್ಣ ಎಡೆ ಜೋಡಿಸುತ್ತಿದ್ದ. ಹಿರಿಮಗನಾದ್ದರಿಂದ ಅದು ಅವನ ಕೆಲಸ. ತೀರಿಹೋದ ಮಾವನ ಎಲೆಯ ಪಕ್ಕ ಬೀಡಿಕಟ್ಟು, ಒಂದು ಕ್ವಾರ್ಟರ್. ಎಳೆ ವಯಸ್ಸಿನಲ್ಲೇ ಹೋದ ನಾದಿನಿಯ ಎಲೆಗೆ ಬಳೆ, ಹೂವು. ಬಾಗಿಲ ಬಳಿ ಅತ್ತೆ ಎಲೆಅಡಿಕೆ ಕುಟ್ಟುತ್ತಿದ್ದಳು.

"ಇದ್ಯಾರ್ದವ್ವ?" ಎಂದ ಮಾದಣ್ಣ.

"ಭಾನು ಅವ್ವಂದು, ಬಾವ."

"ಬೇರೆ ಒಕ್ಕಲವರ ಕರದ್ರೆ ನಮ್ಮೋರು ಬಾಗಿಲ್ಗಂಟ ಬಂದು ಇಂದುಕ್ ಓಯ್ತಾರೆ. ಉಡುಗೀಗೆ ಅನ್ನ ಆಕು, ಬ್ಯಾಡ ಅಂದನಾ? ಅವಳ ಕಡೆ ಸತ್ತೋರ್ನೂ ತಂದು ಒಳಕ್ ಕೂರುಸ್ಬ್ಯಾಡ."

ನಿಂಗರಾಜು ಅಣ್ಣನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ, ಚೆನ್ನಾಗಿಯೇ ಉರಿಯುತ್ತಿದ್ದ ಧೂಪದ ಕೆಂಡವನ್ನು ಊದತೊಡಗಿದ.

ಚಿಕ್ಕಮಾದಮ್ಮ ಸೌಟು ಕೆಳಗಿಟ್ಟು ಕೂತುಬಿಟ್ಟಳು. ಕೋಪ ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಬಾವ, ಈ ಮನೆ ತುಳಿದಾಗಿಂದ ನಿಮ್ಮ ಸತ್ತೋರ್ಗೆ ನಾನೇ ಬೇಯ್ಸಾಕ್ತಿವ್ನಿ. ಮಾವ್ನೋರ ಮೊಕವ ನಾ ಕಂಡೇ ಇಲ್ಲ. ಆದ್ರೂ ನಮ್ಮೋರೇ ಅನ್ಕಂಡೆ. ಇವತ್ತು ಇದೊಂದು ಎಲೆ ಮಡಗ್ಬುಡಿ. ಇಲ್ದಿದ್ರೆ ಸೌಟು ಇಲ್ಲೇ ಅದೆ, ನೀವೇ ಬಡಿಸ್ಕಳಿ. ನಂಗೆ ಏಳಕ್ಕಾಗದು."

ಮಾದಣ್ಣ ಸೌಟನ್ನು ನೋಡಿದ. "ಲೇ ನಿಂಗ, ನೋಡ್ಲಾ ನಿನ್ನೆಡ್ತಿಯ."

"ನೋಡ್ತಾನೇ ಇವ್ನಿ ಕಣಣ್ಣ. ನಂಗೂ ಬಡಿಸಕ್ ಬರಕಿಲ್ಲ."

ಅತ್ತೆ ಕುಟ್ಟುವುದನ್ನು ನಿಲ್ಲಿಸಿ, ಬಾಗಿಲಾಚೆ ನಿಂತಿದ್ದ ಹುಡುಗಿಯನ್ನು ಕೇಳಿದಳು. "ನಿಮ್ಮವ್ವ ಏನ್ ತಿಂತಿದ್ಲು ಮಗ?"

"ಟೀ ಬನ್ನು. ಟೀಲಿ ಅದ್ಕಂಡು."

"ಬಾಡು?"

"ಸಿಕ್ಕಿದ್ರೆ."

"ನಿಮ್ಮಪ್ಪನೂ ಕ್ವಾರ್ಟರ್ ಸಿಕ್ಕಿದ್ರೆ ಬುಡ್ತಿರ್ನಿಲ್ಲ ಕಣ್ಲಾ ಮಾದ" ಎಂದಳು ಮುದುಕಿ. "ಅಸ್ಕಂಡು ಬಂದೋಳ ಬಾಗಿಲಲ್ಲಿ ನಿಲ್ಸಿ ಅವನು ಉಂಡಾನಾ? ಬದುಕಿದ್ದಾಗ್ಲೇ ಉಣ್ತಿರ್ನಿಲ್ಲ. ಮಡಗು."

ಮಾದಣ್ಣ ತುಸು ಹೊತ್ತು ಗೊಣಗಿದ. "ಸಾಲಲ್ಲಿ ಬ್ಯಾಡ. ಆ ಮೂಲೇಲಿ."

ಮೂಲೆಯಲ್ಲೇ ಆಯಿತು. ಚಿಕ್ಕಮಾದಮ್ಮ ಸೌಟು ಎತ್ತಿಕೊಂಡು ಬಡಿಸಿದಳು. ಭಾನು ಟೀ ಕಾಸಿದಳು. ನಿಂಗರಾಜು ಬೈಕಿನಲ್ಲಿ ಹೋಗಿ ಬನ್ನು ತಂದ. ಧೂಪ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂತರು. ಬಂದವರು ಉಣ್ಣುವ ತನಕ ಬದುಕಿದವರು ಒಳಗಿರುವಂತಿಲ್ಲ.

ಮಾದಣ್ಣ ಬೀದಿಗೆ ಮುಖ ಮಾಡಿ ಒಬ್ಬೊಬ್ಬರ ಹೆಸರು ಹಿಡಿದು ಕರೆದ. ಕೊನೆಗೆ ಭಾನುವಿನ ಕಡೆ ತಿರುಗಿದ. "ನಿಮ್ಮವ್ವನ ನೀನೇ ಕರಿ. ನಂಗೆ ಗುರ್ತಿಲ್ಲ."

"ಅವ್ವ ಈ ಊರ ಕಂಡಿಲ್ಲ. ದಾರಿ ಎಂಗ್ ಗೊತ್ತಾಯ್ತದೆ?"

ಮಾದಣ್ಣ ಗಡ್ಡ ಕೆರೆದುಕೊಂಡ. "ಚಾಮರಾಜನಗರದ ಬಸ್ ಅತ್ಲಿ. ಅಲ್ಲಿಳ್ದು ಇಲ್ಗೆ ಬೇರೆ ಬಸ್ಸು. ಅಂಗೇ ಏಳು ನಿಮ್ಮವ್ವಂಗೆ."

"ಎಂಗುಸ್ರಿಗೆ ಟಿಕೀಟು ಫ್ರೀ ಕಣಮ್ಮಿ" ಎಂದ ನಿಂಗರಾಜು. ಮುದುಕಿ ನಕ್ಕಳು.

ಭಾನು ನಗಲಿಲ್ಲ. ಜಗಲಿ ಇಳಿದು, ಮಂಡಿಯ ಗದ್ದಲದಲ್ಲಿ ಕೂಗುವವರ ಹಾಗೆ ಕೂಗಿದಳು.

"ಅವ್ವಾ, ಚಾಮರಾಜನಗರದ ಬಸ್ ಅತ್ತು. ಅಲ್ಲಿಳ್ದು ಹರದನಹಳ್ಳಿ ಬಸ್ಸು. ಚಿಕ್ಕಮಾದಮ್ಮನ ಮನೆ ಅನ್ನು, ತೋರುಸ್ತಾರೆ. ಟೀ ಆರೋಯ್ತದೆ, ಬಿರ್ರನೆ ಬಾ." ಇನ್ನೆರಡು ಹೆಜ್ಜೆ ಬೀದಿಗೆ ಇಳಿದಳು. "ಶೆಡ್‌ತಕ್ ಓಗ್ಬ್ಯಾಡ, ನಾನು ಅಲ್ಲಿಲ್ಲ. ಮುಂದ್ಲ ವರ್ಸವೂ ಇಲ್ಗೇ ಬಾ."

ಚಿಕ್ಕಮಾದಮ್ಮ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಆ ಕೊನೆಯ ಮಾತನ್ನು ಕೇಳಿಸಿಕೊಂಡಳು. ಮಾದಣ್ಣ ಬಾಗಿಲು ತೆಗೆದಾಗ ಏಳಬೇಕೆಂದುಕೊಂಡಳು, ಕಾಲು ಏಳಲಿಲ್ಲ.

"ಕೂತ್ಕೊ ದೊಡ್ಡವ್ವ" ಎಂದು ಭಾನು ಒಳಗೆ ಹೋಗಿ ಊಟಕ್ಕೆ ಎಲೆ ಹಾಸತೊಡಗಿದಳು. ಎಲೆಯ ತುದಿಯೆಲ್ಲ ತಿರುವುಮುರುವಾಗಿ ಬಿದ್ದಿದ್ದು ಜಗಲಿಯಿಂದಲೇ ಕಾಣುತ್ತಿತ್ತು. ಹೇಳಲು ಬಾಯಿ ತೆರೆದ ಚಿಕ್ಕಮಾದಮ್ಮ, ನಾಳೆ ಹೇಳಿಕೊಟ್ಟರಾಯಿತೆಂದು ಮತ್ತೆ ಕಣ್ಣು ಮುಚ್ಚಿದಳು.