ಗುಬ್ಬಕ್ಕನ ಪುಸ್ತಕದ ಮೂರನೇ ಅಧ್ಯಾಯ

ನಮ್ಮ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಯಾರ ಪುಸ್ತಕಕ್ಕೆ ಬೇಕಾದರೂ ಮುನ್ನುಡಿ ಬರೆಯುತ್ತಾರೆ, ಪುಸ್ತಕವನ್ನು ಮಾತ್ರ ಓದುವುದಿಲ್ಲ. ಅದಕ್ಕೇ ಗ್ರಂಥಾಲಯದವರೆಲ್ಲ ಸೇರಿ ಅವರಿಗೆ ಮುನ್ನುಡಿ ಎಂದೇ ಹೆಸರಿಟ್ಟಿದ್ದೇವೆ. ಗ್ರಂಥಾಲಯ ಸಮಿತಿಯಲ್ಲಿ ಅವರದೇ ಕಾರುಬಾರು. ಆರು ವರ್ಷದಿಂದ ಹಂಗಾಮಿಯಾಗಿ ಕೌಂಟರಿನಲ್ಲಿ ಕೂತಿರುವ ನನ್ನನ್ನು ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ಹೇಳಬೇಕಾದವರೂ ಅವರೇ.

ಹೊಸ ವಿದ್ಯಾರ್ಥಿಗಳ ಕಾಟ ತಡೆಯಲಾರದೆ ನಾನೊಂದು ಪದಪಟ್ಟಿ ಬರೆದಿದ್ದೆ. ಕಾಲ್ ನಂಬರ್: ಪುಸ್ತಕ ಯಾವ ಕಪಾಟಿನಲ್ಲಿ ಎಲ್ಲಿದೆ ಎಂಬ ವಿಳಾಸ, ದಯವಿಟ್ಟು ಮೊಬೈಲಿನಲ್ಲಿ ಒತ್ತಿ ನೋಡಬೇಡಿ. ಸರ್ಚ್ ಇಂಜಿನ್: ಹುಡುಕಿ ಕೊಡುತ್ತದೆ, ನಿಮ್ಮ ಬದಲು ಓದುವುದಿಲ್ಲ. ಕೃತಿಚೌರ್ಯ: ಇನ್ನೊಬ್ಬರು ಬರೆದದ್ದಕ್ಕೆ ನಿಮ್ಮ ಹೆಸರು ಹಾಕಿಕೊಳ್ಳುವುದು. ಉಲ್ಲೇಖ ಕೊಡುವ ಕ್ರಮ ತೋರಿಸಲು ಒಂದು ಮಾದರಿಯನ್ನೂ ಕಟ್ಟಿದ್ದೆ: ಗುಬ್ಬಕ್ಕ, ‘ಗುಂಡಿ ಮತ್ತು ಕಾಜ’, ಮೂರನೇ ಅಧ್ಯಾಯ, ಪುಟ ೨೧೪. ಇಂಥ ಪುಸ್ತಕ ಎಲ್ಲೂ ಇಲ್ಲ ಎಂದು ಹಾಳೆಯ ತುದಿಯಲ್ಲಿ ಬರೆದೂ ಇದ್ದೆ.

ಈ ವರ್ಷ ಮುನ್ನುಡಿಯವರ ಹೆಸರಿನಲ್ಲಿ ಚೆಂದದ ಕೈಪಿಡಿ ಬಂತು. ಒಳಗೆ ನನ್ನ ಪದಪಟ್ಟಿ. ಒಂದು ಅಲ್ಪವಿರಾಮವೂ ಅಲುಗಾಡಿರಲಿಲ್ಲ. ಜೆರಾಕ್ಸ್ ಮಾಡಿಸುವಾಗ ಹಾಳೆಯ ತುದಿ ಹಾರಿಹೋಗಿರಬೇಕು. ಕೊನೆಯ ಪುಟದ ‘ಆಧಾರ ಗ್ರಂಥಗಳು’, ಅಂದರೆ ತಾವು ಓದಿ ಬಳಸಿಕೊಂಡ ಪುಸ್ತಕಗಳ ಪಟ್ಟಿಯಲ್ಲಿ, ಗುಬ್ಬಕ್ಕ ರಾರಾಜಿಸುತ್ತಿದ್ದಳು, ಅದೂ ಡಾಕ್ಟರ್ ಗುಬ್ಬಕ್ಕ ಆಗಿ. ಇಡೀ ಕೈಪಿಡಿಯಲ್ಲಿ ಆ ಮಹಾನುಭಾವರ ಸ್ವಂತ ಕೊಡುಗೆ ಆ ‘ಡಾಕ್ಟರ್’ ಒಂದೇ. ನನಗೆ ಮೈಯೆಲ್ಲ ಉರಿದುಹೋಯಿತು.

ಸಮಿತಿಯ ಸಭೆಗೆ ನನ್ನನ್ನೂ ಕರೆಸಿದ್ದರು. ಖಾಯಂ ಮಾಡಿ ಎಂಬ ನನ್ನ ಅರ್ಜಿಯನ್ನು ಪ್ರಾಂಶುಪಾಲರು ಕೈಗೆತ್ತಿಕೊಂಡರು. ಮುನ್ನುಡಿ ಕುರ್ಚಿಗೆ ಒರಗಿ, “ಕೆಲಸ ಮಾಡ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ಸ್ವಂತವಾಗಿ ನಾಲ್ಕು ಸಾಲು ಬರೆದವಳಲ್ಲ” ಎಂದರು.

“ಸರ್, ಒಂದು ಸಣ್ಣ ವಿಷ್ಯ” ಎಂದೆ. “ನಿಮ್ಮ ಪಟ್ಟೀಲಿರೋ ಗುಬ್ಬಕ್ಕನ ಪುಸ್ತಕ ಬೇಕು ಅಂತ ಹುಡುಗ್ರು ಜೀವ ತಿಂತಿದಾರೆ. ನಮ್ಮ ಕಪಾಟಲ್ಲಿ ಇಲ್ಲ.”

“ಈಗೆಲ್ಲಿ ಸಿಗತ್ತಮ್ಮ ಅದು? ನನ್ನ ಪ್ರತಿ ಮನೇಲಿದೆ. ನಾಲ್ಕು ಸಲ ಓದಿದೀನಿ. ಆ ಮೂರನೇ ಅಧ್ಯಾಯ ಇದ್ಯಲ್ಲ, ಎಂಥಾ ಪಾಂಡಿತ್ಯ! ಅವರ ಪರಿಚಯಾನೂ ಇತ್ತು ನಂಗೆ.”

“ನಂಗೂ ಇತ್ತು ಸರ್. ಗುಬ್ಬಕ್ಕ ನಮ್ಮಜ್ಜಿ. ದರ್ಜಿ ಅಂಗಡೀಲಿ ಗುಂಡಿ ಹೊಲೀತಿದ್ಲು. ಸಹಿ ಹಾಕೋಕೂ ಬರ್ತಿರ್ಲಿಲ್ಲ, ಹೆಬ್ಬೆಟ್ಟೇ ಗತಿ.”

ನನ್ನ ಕೈಬರಹದ ಹಾಳೆಯನ್ನು, ತುದಿಯ ಸಾಲು ಸಮೇತ, ಪ್ರಾಂಶುಪಾಲರ ಮುಂದಿಟ್ಟೆ. ಅವರು ಅದನ್ನೂ ಕೈಪಿಡಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನಿಧಾನವಾಗಿ ಓದಿದರು. ಮುನ್ನುಡಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅಯ್ಯೋ ಪಾಪ ಅನ್ನಿಸಲಿಲ್ಲ, ಸುಳ್ಳೇಕೆ ಹೇಳಲಿ.

ಪ್ರಾಂಶುಪಾಲರು ನನ್ನ ಅರ್ಜಿಗೆ ಸಹಿ ಹಾಕಿದರು. ಆಮೇಲೆ ಕೈಪಿಡಿಯಲ್ಲಿ ‘ಕೃತಿಚೌರ್ಯ’ ಇದ್ದ ಪುಟ ತೆರೆದು ಮುನ್ನುಡಿಯ ಕಡೆ ತಳ್ಳಿ, “ಇದನ್ನ ಸ್ವಲ್ಪ ಗಟ್ಟಿಯಾಗಿ ಓದ್ತೀರಾ ಮೇಷ್ಟ್ರೇ?” ಎಂದರು.

ಮುನ್ನುಡಿ ಪುಸ್ತಕ ಓದುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.